ನಾಲ್ಕನೇ ಇಯತ್ತೆಯ ಟಪಾಲು

ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳಿ ಸಿಕ್ಕಿಬೀಳುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನನ್ನದು ಅದಕ್ಕಿಂತ ಒಂದು ಕೈ ಮೇಲಿನ ರೋಗ. ಯಾರೂ ಕೇಳದಿದ್ದರೂ ಎದ್ದು ನಿಂತು ಹೇಳುತ್ತೇನೆ. ಮನೆಯಲ್ಲಿ, ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ ನಾನು ಮಿತಭಾಷಿಯೆಂದೇ ಹೆಸರಾದವನು. ಆದರೆ ನಾಲ್ಕು ಜನ ಕುರ್ಚಿ ಹಾಕಿಕೊಂಡು ಕೂತು, ಒಬ್ಬರು ಮುಂದೆ ನಿಂತು, "ಯಾರಿಗಾದರೂ ಏನಾದರೂ ಹೇಳುವುದಿದೆಯೇ?" ಎಂದರೆ ಸಾಕು, ನನ್ನ ಮೊಣಕಾಲು ನನ್ನ ಅಪ್ಪಣೆ ಕೇಳದೆ ನೆಟ್ಟಗಾಗುತ್ತದೆ. ಮಾಸ್ತರಿಕೆಗೆ ಬೇಕಾದ ವಿದ್ಯೆಗಳನ್ನೆಲ್ಲ ನನಗೆ ಡಿ.ಎಡ್.ನಲ್ಲಿ ಕಲಿಸಿದರು. ಕೂತಲ್ಲೇ ಕೂತಿರುವ ವಿದ್ಯೆಯೊಂದನ್ನು ಕಲಿಸಲಿಲ್ಲ. ನನ್ನ ಹೆಂಡತಿ ಮಹಾದೇವಿ ಹೇಳುವುದುಂಟು: "ನಿಮಗ ಮೀಟಿಂಗಿಗಿ ಕರದಾರ ಅಂದ್ರ ನನ್ನ ಎದಿ ಧಸಕ್ ಅಂತದ ನೋಡ್ರಿ. ಏನ್ ಹೇಳಿ ಬರ್ತಾರೋ, ಏನ್ ಹೊತ್ಕೊಂಡು ಬರ್ತಾರೋ."

ನಾನು ನಾಸಿಕದ ಒಂದು ಮರಾಠಿ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೇ ಇಯತ್ತೆಗೆ, ಅಂದರೆ ನಾಲ್ಕನೆಯ ತರಗತಿಗೆ, ಪಾಠ ಹೇಳುವವನು. ಮೂಲ ಬೀದರ ಜಿಲ್ಲೆಯ ಭಾಲ್ಕಿ. ಅಲ್ಲಿ ಎರಡನೆಯ ತರಗತಿ ಮುಗಿಸುವಷ್ಟರಲ್ಲಿ ನಮ್ಮಪ್ಪನಿಗೆ ಇಲ್ಲಿ ಕೆಲಸವಾಯಿತು, ಹೀಗಾಗಿ ಮುಂದಿನ ವಿದ್ಯೆಯೆಲ್ಲ ಮರಾಠಿಯಲ್ಲಿ ನಡೆಯಿತು. ಹೆಸರು ಶರಣಪ್ಪ. ಇದು ಮರಾಠಿ ಮಕ್ಕಳ ಬಾಯಲ್ಲಿ ಸವೆದು ಸವೆದು ಈಗ 'ಅಪ್ಪಾ ಸರ್' ಎಂಬಲ್ಲಿಗೆ ನಿಂತಿದೆ. ಮನೆಯಲ್ಲಿ ಮಕ್ಕಳಿಲ್ಲದ ನನಗೆ ಈ ಹೆಸರು ಒಳಗೊಳಗೇ ಹಿತವೆನಿಸುವುದರಿಂದ ನಾನು ಯಾರನ್ನೂ ತಿದ್ದಲು ಹೋಗಿಲ್ಲ.

ನಮ್ಮ ಸಂಸ್ಥೆಗೆ ಎರಡು ಶಾಲೆಗಳು. ಒಂದು ನಮ್ಮದು, ಇನ್ನೊಂದು ಸಂಭಾಜಿನಗರದಲ್ಲಿ. ದಸರೆ ಮುಗಿದ ಮೇಲೆ ಅಲ್ಲಿ ಮೂರು ದಿನದ ತರಬೇತಿ ಶಿಬಿರವಿದೆ, ಒಬ್ಬ ಶಿಕ್ಷಕರು ಹೋಗಬೇಕು ಎಂದು ನಮ್ಮ ಮುಖ್ಯೋಪಾಧ್ಯಾಯಿನಿ ಕುಸುಮಬಾಯಿ ಹೇಳಿದಾಗ ಉಳಿದವರೆಲ್ಲ ಕಿಟಕಿಯಾಚೆ ನೋಡಿದರು. ನಾನೇ ಹೊರಟೆ. ಶಿಕ್ಷಣದ ಮೇಲಿನ ಪ್ರೀತಿಯಿಂದ ಎಂದು ಬರೆದುಕೊಳ್ಳಬಹುದಿತ್ತು. ನಿಜ ಹೇಳಬೇಕೆಂದರೆ ಸಂಭಾಜಿನಗರದಲ್ಲಿ ನಮ್ಮಕ್ಕ ಇದ್ದಾಳೆ. ಅವಳು ಬಡಿದ ಜೋಳದ ರೊಟ್ಟಿ, ಪುಂಡಿಪಲ್ಯ ತಿಂದು ವರ್ಷವಾಗಿತ್ತು. ಮೂರು ದಿನದ ಶಿಬಿರವೆಂದರೆ ಆರು ಹೊತ್ತಿನ ಊಟ. ಈ ಲೆಕ್ಕ ಹಾಕಿಯೇ ನಾನು ಬಸ್ಸು ಹತ್ತಿದ್ದು.

ಶಿಬಿರ ನಡೆಸಿದವರು ವೈಶಾಲಿ ಮ್ಯಾಡಂ. ಚಿಕ್ಕ ವಯಸ್ಸು, ಖಾದಿ ಕುರ್ತಾ, ಮೃದು ಮಾತು. ಪುಸ್ತಕದ ಪಾಠ ಪುಸ್ತಕದಲ್ಲೇ ಉಳಿಯುತ್ತದೆ, ಮಕ್ಕಳ ಬದುಕಿನಲ್ಲಿರುವ ನೀರು, ಸಂತೆ, ಮನೆ, ಟಪಾಲು, ಇವೇ ಪಾಠಗಳಾಗಬೇಕು, ಗಣಿತ ಭಾಷೆ ಎಲ್ಲ ಅದರ ಹಿಂದೆ ತಾವಾಗಿ ಬರುತ್ತವೆ ಎಂದು ಅವರು ವಿವರಿಸಿದರು. ನನಗೂ ಸರಿ ಅನ್ನಿಸಿತು. ಮೂವತ್ತು ವರ್ಷದಿಂದ ನಾನು ತೊಟ್ಟಿಯೊಂದಕ್ಕೆ ಎರಡು ನಲ್ಲಿಗಳಿಂದ ನೀರು ತುಂಬಿಸುತ್ತ, ಮೂರನೆಯದರಿಂದ ಸೋರಿಸುತ್ತ ಬಂದಿದ್ದೇನೆ. ಇಂಥ ಮೂರ್ಖನ ಮನೆ ಎಲ್ಲಿದೆ ಎಂದು ಒಂದು ಮಗುವೂ ಕೇಳಿಲ್ಲ. ಕೊನೆಗೆ ಮ್ಯಾಡಂ, "ನಿಮ್ಮ ತರಗತಿಯೊಳಗೆ ಬದುಕು ಬರುತ್ತದೆಯೇ? ಯಾರಾದರೂ ಹೇಳುವಿರಾ?" ಎಂದು ಕೇಳಿದರು. ನನ್ನ ಮೊಣಕಾಲು ನೆಟ್ಟಗಾಯಿತು.

"ನನ್ನ ತರಗತಿಯಲ್ಲಿ ಬದುಕು ಬಿಟ್ಟರೆ ಬೇರೇನೂ ಇಲ್ಲ ಮ್ಯಾಡಂ," ಎಂದುಬಿಟ್ಟೆ. "ನನ್ನ ಲೆಕ್ಕಗಳೆಲ್ಲ ನನ್ನ ಮನೆಯಿಂದಲೇ ಬರುತ್ತವೆ. ವ್ಯಾಕರಣವೂ ಅಷ್ಟೇ."

ಮ್ಯಾಡಂ ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು. ಸಂಜೆಯ ಹೊತ್ತಿಗೆ ನಾನು ನಾಸಿಕದ ಶಾಲೆಗೆ ಹೊಸ ಅಭ್ಯಾಸಕ್ರಮದ ಪ್ರಮುಖನಾಗಿದ್ದೆ. ಡಿಸೆಂಬರಿನಲ್ಲಿ ತಾವೇ ಬಂದು ನೋಡುತ್ತೇವೆ, ಚೆನ್ನಾಗಿ ನಡೆದಿದ್ದರೆ ಎರಡೂ ಶಾಲೆಗಳಲ್ಲಿ ಇದನ್ನೇ ಕಾಯಂ ಮಾಡುತ್ತೇವೆ ಎಂದರು. ಆ ರಾತ್ರಿ ಅಕ್ಕ ಎರಡನೆಯ ರೊಟ್ಟಿ ಬಡಿಸಲು ಬಂದರೆ ಬೇಡವೆಂದೆ.

ಊರಿಗೆ ಬಂದು ವಿಷಯ ಹಂಚಿದ್ದಾಯಿತು. ಮೂರನೇ ಇಯತ್ತೆಯ ಸುನಂದಾಬಾಯಿ ಸಂತೆ ತೆಗೆದುಕೊಂಡರು. ಮಕ್ಕಳನ್ನು ತರಕಾರಿ ಪೇಟೆಗೆ ಕರೆದೊಯ್ದು ಚೌಕಾಶಿ ಮಾಡುವುದನ್ನು ತೋರಿಸಿದರು. ಮರುವಾರದ ಪರೀಕ್ಷೆಯಲ್ಲಿ ಒಬ್ಬ ಹುಡುಗ ಉತ್ತರಪತ್ರಿಕೆ ಹಿಡಿದುಕೊಂಡು ಬಂದು, "ಬಾಯಿ, ಆರು ಅಂಕ ಭಾಳ ಕಮ್ಮಿ ಆಯಿತು, ಒಂಬತ್ತು ಮಾಡಿ, ಇಲ್ಲದಿದ್ದರೆ ಪಕ್ಕದ ತರಗತಿಗೆ ಹೋಗುತ್ತೇನೆ" ಎಂದನಂತೆ. ಏಳೂವರೆಗೆ ಒಪ್ಪಂದವಾಯಿತು. ಎರಡನೇ ಇಯತ್ತೆಯ ಸರ್ ನೀರು ತೆಗೆದುಕೊಂಡರು. ನೀರು ಉಳಿಸಿ ಎಂದು ಹೇಳಿದ್ದಕ್ಕೆ ಮಕ್ಕಳು ತಮ್ಮ ಕಟ್ಟಡದ ಮುಖ್ಯ ವಾಲ್ವನ್ನೇ ತಿರುಗಿಸಿ ಮನೆಗೆ ಹೋದರು. ಮೂರು ಮಹಡಿಗಳ ಜನ ಮೈಗೆ ಸಾಬೂನು ಹಚ್ಚಿಕೊಂಡು ನಿಂತಿದ್ದರೆಂದು ಕೇಳಿದೆ. ನಾನು ಟಪಾಲು ಆರಿಸಿಕೊಂಡೆ. ಕಾಗದ, ಪೆನ್ನು, ಅಂಟು. ಇದರಲ್ಲಿ ಕೆಡುವುದಾದರೂ ಏನಿದೆ ಎಂಬುದು ನನ್ನ ಎಣಿಕೆ.

ವೈಶಾಲಿ ಮ್ಯಾಡಂ ಕೊಟ್ಟ ಕೈಪುಸ್ತಕದಲ್ಲಿ ನಿಯಮಗಳು ಸ್ಪಷ್ಟವಾಗಿದ್ದವು. ಪತ್ರ ನಿಜವಾಗಿರಬೇಕು, ಅದನ್ನು ನಿಜವಾದ ಮನುಷ್ಯರಿಗೆ ಬರೆಯಬೇಕು, ನಿಜವಾದ ಪೆಟ್ಟಿಗೆಗೆ ಹಾಕಬೇಕು. ಮಗು ಬರೆದದ್ದನ್ನು ಶಿಕ್ಷಕರು ಓದಬಾರದು, ತಿದ್ದಬಾರದು. ಬಂದ ಉತ್ತರವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಬೇಕು. ಅಂಚೆ ಕಚೇರಿಗೆ ಹೋಗಿ ಮೂವತ್ತೆಂಟು ನೀಲಿ ಇನ್‌ಲ್ಯಾಂಡ್ ಲೆಟರ್ ಕೇಳಿದೆ. ಕಿಟಕಿಯ ಹಿಂದಿದ್ದವರು ನನ್ನನ್ನು ಎರಡು ಸಲ ನೋಡಿ, ಒಳಗೆ ಹೋಗಿ, ಯಾವುದೋ ಕಪಾಟಿನ ತಳದಿಂದ ಕಟ್ಟನ್ನು ತೆಗೆದು, ಧೂಳು ಊದಿ ಕೊಟ್ಟರು. "ಲಗ್ನ ಇದೆಯೇ?" ಎಂದು ಕೇಳಿದರು. ಶಾಲೆ ಎಂದೆ. ಮಕ್ಕಳು ಕಾಗದ ಬರೆಯುತ್ತಾರೆಂದು ಕೇಳಿ ಆ ಮನುಷ್ಯನ ಕಣ್ಣಲ್ಲಿ ನೀರಾಡಿದ ಹಾಗೆ ಕಂಡಿತು. ಧೂಳಿನದೂ ಇದ್ದೀತು.

ಈಗಿನ ಮಕ್ಕಳಿಗೆ ವಿಳಾಸ ಬರೆಯುವುದು ಗೊತ್ತಿಲ್ಲ. ಮೊಬೈಲಿನಲ್ಲಿ ಬೆರಳಿಟ್ಟು ಇಲ್ಲಿ ಎಂದು ತೋರಿಸುವುದಷ್ಟೇ ಗೊತ್ತು. ಹೆಸರು ಎಲ್ಲಿ, ಓಣಿ ಎಲ್ಲಿ, ಪಿನ್ ಕೋಡಿನ ಆರು ಮನೆಗಳು ಎಲ್ಲಿ ಎಂದು ತೋರಿಸಲು ನಾನು ಹಲಗೆಯ ಮೇಲೆ ಮಾದರಿ ವಿಳಾಸವೊಂದನ್ನು ಬರೆದೆ. ಬದುಕಿನಿಂದಲೇ ಉದಾಹರಣೆ ಕೊಡುವ ನನ್ನ ಪದ್ಧತಿಗೆ ತಕ್ಕಂತೆ ಅದು ನನ್ನ ಮನೆಯದೇ ವಿಳಾಸವಾಗಿತ್ತು. ಮಕ್ಕಳು ಕಾಗದ ಬರೆದು, ಮಡಚಿ, ಅಂಟು ಹಚ್ಚಿ, ಬೆರಳುಗಳನ್ನೂ ಅಂಟಿಸಿಕೊಂಡು ತಂದುಕೊಟ್ಟರು. ನಾನು ಪಿನ್ ಕೋಡಿನ ಆರೂ ಅಂಕಿ ಇವೆಯೇ ಎಂದಷ್ಟೇ ನೋಡಿದೆ. ಹಲವರು ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದರೆಂದರೆ ಹೆಮ್ಮೆಯಾಯಿತು. ಸಾಲಾಗಿ ಹೋಗಿ ಕೆಂಪು ಪೆಟ್ಟಿಗೆಗೆ ಹಾಕಿ ಬಂದೆವು.

ಒಬ್ಬಳು ಮಾತ್ರ ಖಾಲಿ ಕಾಗದ ಹಿಡಿದು ಕೂತಿದ್ದಳು, ರೇಣುಕಾ. ಅವಳ ಅಪ್ಪ ಅವ್ವ ಕಲಬುರಗಿ ಜಿಲ್ಲೆಯ ಚಿಂಚೋಳಿ ಕಡೆಯವರು. ಶಾಲೆಯ ಹಿಂದೆ ಏಳುತ್ತಿರುವ ಕಟ್ಟಡದಲ್ಲಿ ಇಬ್ಬರೂ ದುಡಿಯುತ್ತಾರೆ. ಒಂದು ವರ್ಷದ ತಮ್ಮನನ್ನು ನೋಡಿಕೊಳ್ಳುವವರು ಇಲ್ಲದೆ ಹುಡುಗಿ ವಾರದಲ್ಲಿ ಮೂರು ದಿನ ಶಾಲೆ ತಪ್ಪಿಸುತ್ತಿದ್ದಳು. ಹಾಜರಿ ಇಷ್ಟು ಕಮ್ಮಿಯಾದರೆ ಮುಂದಿನ ಇಯತ್ತೆಗೆ ಕಳಿಸುವುದು ಹೇಗೆ ಎಂದು ಕುಸುಮಬಾಯಿ ಆಗಲೇ ಎರಡು ಸಲ ನನ್ನನ್ನು ಕರೆದು ಕೇಳಿದ್ದರು.

"ಯಾರಿಗೆ ಬರೀತೀ?" ಎಂದು ಮರಾಠಿಯಲ್ಲಿ ಕೇಳಿದೆ.

"ಆಯಿಗೆ," ಎಂದಳು.

ತರಗತಿ ನಕ್ಕಿತು. ಮರಾಠಿಯಲ್ಲಿ ಆಯಿ ಎಂದರೆ ತಾಯಿ. ತಾಯಿ ಅಲ್ಲೇ ಕಿಟಕಿಯಾಚೆ ಬುಟ್ಟಿ ಹೊತ್ತು ನಡೆಯುತ್ತಿದ್ದಳು. ನಾನೊಬ್ಬನೇ ನಗಲಿಲ್ಲ. ನಮ್ಮ ಕಡೆ ಆಯಿ ಎಂದರೆ ಅಜ್ಜಿ. ಕನ್ನಡದಲ್ಲಿ ಕೇಳಿದೆ. ಹುಡುಗಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಆಡಲು ತೊಡಕು. ತಡವರಿಸಿ ಹೇಳಿದಳು: "ಆಯಿಗಿ ಮರಾಠಿ ಬರಂಗಿಲ್ರಿ ಸರ್. ನನಗ ಕನ್ನಡ ಲಿಹಿಲಾಕ ಬರಂಗಿಲ್ಲ." ಮರಾಠಿಯ 'ಬರೆಯುವುದ'ಕ್ಕೆ ಕನ್ನಡದ ಬಾಲ ಕಟ್ಟಿದ್ದಳು. ಅಪ್ಪನಿಂದ ಊರಿನ ವಿಳಾಸ ತಾ, ನಾನೇ ಬರೆದುಕೊಡುತ್ತೇನೆ ಎಂದೆ. ಈ ಶಾಲೆಯಲ್ಲಿ ಕನ್ನಡ ಬಲ್ಲ ಪಂಡಿತ ನಾನೊಬ್ಬನೇ ಎಂಬುದನ್ನು ಉಳಿದ ಮಕ್ಕಳಿಗೂ ತಿಳಿಯುವಂತೆ ಗಟ್ಟಿಯಾಗಿಯೇ ಹೇಳಿದೆ.

ನಾಲ್ಕನೆಯ ದಿನ ಮನೆಗೆ ಹೋದಾಗ ಮಹಾದೇವಿ ಚಹಾ ತಂದಿಡಲಿಲ್ಲ. ಮೇಜಿನ ಮೇಲೆ ಐದು ನೀಲಿ ಕಾಗದಗಳು ಸಾಲಾಗಿ ಬಿಡಿಸಿಟ್ಟಿದ್ದವು. ಐದರ ಮೇಲೂ ನನ್ನ ಮನೆಯ ವಿಳಾಸವಿತ್ತು. ನಾಲ್ಕು ಮಕ್ಕಳು ಹಲಗೆಯ ಮೇಲಿದ್ದುದನ್ನು ಚಾಚೂ ತಪ್ಪದೆ ನಕಲು ಮಾಡಿದ್ದರು. ಒಂದು ಕಾಗದ ದೇವಳಾಲಿ ಕ್ಯಾಂಪಿನಲ್ಲಿ ಸೈನ್ಯದಲ್ಲಿರುವ ಮಾಮನಿಗೆ: "ಪ್ರಿಯ ಮಾಮಾ, ನಮ್ಮ ಸರ್ ಒಳ್ಳೆಯವರು. ಅವರ ಹೆಂಡತಿ ಸಿಟ್ಟಿನವರು. ನೀನು ತೋಪು ಹಾರಿಸುತ್ತೀಯಲ್ಲ, ಹೆದರುತ್ತೀಯಾ?" ಇನ್ನೊಂದು ನಿಫಾಡಿನಲ್ಲಿ ದ್ರಾಕ್ಷಿ ತೋಟವಿರುವ ಅಜ್ಜನಿಗೆ: "ದ್ರಾಕ್ಷಿ ಬಂದಾಗ ಸರ್ ಮನೆಗೂ ಕಳಿಸೋಣ. ಪಾಪ, ಅವರಿಗೆ ಮನೆಯಲ್ಲಿ ಸುಟ್ಟ ರೊಟ್ಟಿ ಸಿಗುತ್ತದೆ." ಐದನೆಯದು ಮಾತ್ರ ತಪ್ಪಿ ಬಂದದ್ದಲ್ಲ. ಈಶ್ವರಿ ಎಂಬ ಜಾಣ ಹುಡುಗಿ ನನ್ನ ಹೆಂಡತಿಗೇ ಬರೆದಿದ್ದಳು. ಮರಾಠಿಯಲ್ಲಿತ್ತು, ಕನ್ನಡದಲ್ಲಿ ಹೇಳುತ್ತೇನೆ:

"ಪ್ರಿಯ ಕಾಕೂ, ನಮಸ್ಕಾರ. ಸರ್ ಲೆಕ್ಕದಲ್ಲಿ ನೀವು ದಿನಾ ಬರುತ್ತೀರಿ. ನೀವು ಐದು ಕಿಲೋ ಉಳ್ಳಾಗಡ್ಡಿ ತಂದರೆ ಎರಡು ಕಿಲೋ ಕೊಳೆತಿರುತ್ತವೆ. ಹನ್ನೆರಡು ರೊಟ್ಟಿ ಬಡಿದರೆ ನಾಲ್ಕು ಸುಟ್ಟಿರುತ್ತವೆ. ವ್ಯಾಕರಣದಲ್ಲಿಯೂ ಬರುತ್ತೀರಿ. ಹೆಂಡತಿ ಸಿಟ್ಟಾದಳು, ಭೂತಕಾಲ. ಸಿಟ್ಟಾಗುತ್ತಾಳೆ, ವರ್ತಮಾನ. ಸಿಟ್ಟಾಗುವಳು, ಭವಿಷ್ಯ. ಇಷ್ಟು ರೊಟ್ಟಿ ದಿನಾ ಸುಡಲು ಸಾಧ್ಯವಿಲ್ಲ ಎಂದು ನನ್ನ ಅಮ್ಮ ಹೇಳುತ್ತಾಳೆ. ಇದು ನಿಜವೇ ಎಂದು ತಿಳಿಸಿ. ಉತ್ತರ ಬರೆಯದವರು ಒಳ್ಳೆಯವರಲ್ಲ ಎಂದು ಸರ್ ಹೇಳಿದ್ದಾರೆ."

ನಾನು ಓದಿ ಮುಗಿಸಿ ತಲೆಯೆತ್ತಿದೆ. ಭೂತ ವರ್ತಮಾನಗಳು ಮುಗಿದಿದ್ದವು. ಭವಿಷ್ಯ ಎದುರಿಗೆ ನಿಂತಿತ್ತು.

"ಉಳ್ಳಾಗಡ್ಡಿ ತರೋರು ಯಾರ್ರಿ ನಮ್ಮ ಮನ್ಯಾಗ?" ಎಂದಳು.

"ನಾನೇ..."

"ಕೊಳತದ್ದು ಆರ್ಸಿಕೊಂಡು ಬರೋರು?"

"ಅದು ಲೆಕ್ಕಕ್ಕ ಬೇಕಂತ ಸುಮ್ಮ ಹೇಳಿದ್ದು. ವಜಾಬಾಕಿ ಕಲಸ್ಬೇಕಂದ್ರ ಏನರೆ ಕಳೀಬೇಕಲ್ಲ."

"ನನ್ನ ಮರ್ಯಾದಿನೇ ಸಿಕ್ಕಿತೇನ್ರಿ ಕಳೀಲಾಕ?"

ಅಂದಿನಿಂದ ಮೌನ. ನಮ್ಮ ಮನೆಯ ಮೌನ ಊಟ ನಿಲ್ಲಿಸುವ ಜಾತಿಯದಲ್ಲ, ಊಟ ಎಣಿಸಿ ಬಡಿಸುವ ಜಾತಿಯದು. ತಾಟಿನಲ್ಲಿ ರೊಟ್ಟಿ ಇಟ್ಟು, ಗೋಡೆಯ ಕಡೆ ಮುಖ ಮಾಡಿ, "ಹನ್ನೆರಡರಾಗ ನಾಕು ಸುಟ್ಟಾವ. ಉಳದದ್ದೆಷ್ಟಂತ ಎಣಿಸ್ಕೊಂಡು ತಿನ್ನಬೇಕಂತ" ಎಂದು ಗೋಡೆಗೆ ಹೇಳುತ್ತಿದ್ದಳು. ರೊಟ್ಟಿ ಒಂದೂ ಸುಟ್ಟಿರುತ್ತಿರಲಿಲ್ಲ, ಅದೇ ಹೆಚ್ಚು ಸುಡುತ್ತಿತ್ತು. ಉಳಿದ ನಾಲ್ಕು ಕಾಗದಗಳನ್ನು ನಾನೇ ಸ್ಕೂಟರಿನ ಮೇಲೆ ಒಯ್ದು ಮುಟ್ಟಿಸಿದೆ. ದೇವಳಾಲಿ ಕ್ಯಾಂಪಿನ ಆ ಮಾಮ ಮೀಸೆಯ ಹವಾಲ್ದಾರ. ಕಾಗದ ಓದಿ, ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಕನಿಕರದಿಂದ ನೋಡಿ, ಒಳಗೆ ಕರೆದು ಆಮ್ಲೆಟ್ ತಿನ್ನಿಸಲು ನೋಡಿದ. ನಾವು ಲಿಂಗಾಯತರು ಎಂದು ಹೇಳಿ ಚಹಾ ಕುಡಿದು ಬಂದೆ.

ಈ ನಡುವೆಯೇ ರೇಣುಕಾ ವಿಳಾಸ ತಂದಳು. ಊಟದ ಬಿಡುವಿನಲ್ಲಿ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಪೆನ್ನು ತೆರೆದೆ. ತಮ್ಮ ಅವಳ ಸೊಂಟದ ಮೇಲೆ ಕೂತು ನನ್ನ ಕನ್ನಡಕಕ್ಕೆ ಕೈಹಾಕುತ್ತಿದ್ದ. ಹುಡುಗಿ ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಹೇಳುತ್ತ ಹೋದಳು. ಆಯಿ ಬಂದು ತಮ್ಮನನ್ನು ನೋಡಿಕೊಂಡರೆ ತಾನು ದಿನಾ ಶಾಲೆಗೆ ಬರಬಹುದು. ಆಯಿ ಹೇಳುತ್ತಿದ್ದ ಕತೆ ನೆನಪಾಗುತ್ತದೆ. ಇಲ್ಲಿ ಅವ್ವ ದಣಿದು ಮಲಗಿಬಿಡುತ್ತಾಳೆ, ಕತೆ ಇಲ್ಲದೆ ನಿದ್ದೆ ಬರುವುದಿಲ್ಲ. ಬರುವಾಗ ಒಂದೆರಡು ಹೊಸ ಕತೆ ತರಬೇಕು. ಇಷ್ಟೇ. ಹೇಳುವಾಗ ಅವಳು ಅಳಲಿಲ್ಲ, ತಮ್ಮನ ಮೂಗು ಒರೆಸಿದಳು. ನನಗೆ ಮಾತ್ರ ಏನೋ ಆಯಿತು. ಅವಳ ಮುರುಕು ಮಾತನ್ನು ನಾನು ಶುದ್ಧ ಗ್ರಾಂಥಿಕ ಕನ್ನಡಕ್ಕೆ ತಿರುಗಿಸಿ, ಗುಂಡಗಿನ ಅಕ್ಷರಗಳಲ್ಲಿ ಬರೆದೆ. ಎರಡನೆಯ ತರಗತಿಯ ನಂತರ ಸಹಿ ಬಿಟ್ಟರೆ ಕನ್ನಡದಲ್ಲಿ ನಾನು ಬರೆದ ಮೊದಲ ಬರಹ ಅದು. ಅಲ್ಲಲ್ಲಿ ಒತ್ತು ಬೇಕೋ ಬೇಡವೋ ಎಂಬ ಅನುಮಾನ ಬಂತು. ಅಕ್ಕ, ಅಣ್ಣ, ಅಪ್ಪ, ಅವ್ವ, ಅಜ್ಜ, ಎಲ್ಲದಕ್ಕೂ ಒತ್ತು ಇದೆ, ಒತ್ತಿಲ್ಲದೆ ಕನ್ನಡವೆಲ್ಲಿ ಎಂದು ಯೋಚಿಸಿ, ಅನುಮಾನ ಬಂದ ಕಡೆಯೆಲ್ಲ ಧಾರಾಳವಾಗಿ ಒತ್ತು ಕೊಟ್ಟೆ. ಮಹಾದೇವಿ ಹುಮನಾಬಾದಿನಲ್ಲಿ ಹತ್ತನೆಯವರೆಗೆ ಕನ್ನಡದಲ್ಲೇ ಓದಿದವಳು. ಬೇರೆ ಕಾಲವಾಗಿದ್ದರೆ ತೋರಿಸುತ್ತಿದ್ದೆನೋ ಏನೋ. ಗೋಡೆಯ ಮೂಲಕ ಕಾಗುಣಿತ ಕೇಳುವುದು ಹೇಗೆ? ಅಂಟು ಹಚ್ಚಿ ಹಾಕಿಬಿಟ್ಟೆ.

ಮರುವಾರ ತರಗತಿಗೆ ಮಹಾದೇವಿಯ ಉತ್ತರ ಬಂತು. ಈಶ್ವರಿಗೆ. ನಿಯಮದ ಪ್ರಕಾರ ನಾನೇ ಗಟ್ಟಿಯಾಗಿ ಓದಬೇಕು. ಓದಿದೆ. "ಮಗಳೇ ಈಶ್ವರಿ, ನಿನ್ನ ಅಮ್ಮ ಹೇಳಿದ್ದು ಸರಿ. ನಾನೂ ಒಂದು ಲೆಕ್ಕ ಕಳಿಸುತ್ತಿದ್ದೇನೆ. ಒಂದು ಮನೆಯಲ್ಲಿ ಇಬ್ಬರು ಉಣ್ಣುತ್ತಾರೆ, ಒಬ್ಬರೇ ಅಡಿಗೆ ಮಾಡುತ್ತಾರೆ. ಅಡಿಗೆ ಮಾಡದವರು ವಾರಕ್ಕೆ ಮೂರು ಸಲ ಹೆಸರಿಡುತ್ತಾರೆ. ವರ್ಷಕ್ಕೆ ಐವತ್ತೆರಡು ವಾರ. ಇಪ್ಪತ್ತೆರಡು ವರ್ಷಗಳಲ್ಲಿ ಎಷ್ಟು ಸಲ? ಸರ್ ಕೈಯಿಂದ ಹಲಗೆಯ ಮೇಲೆ ಮಾಡಿಸು. ಕ್ರಮ ಬಿಡಬಾರದು." ಆರು ತಿಂಗಳಿಂದ ಗುಣಾಕಾರವೆಂದರೆ ಹೊಟ್ಟೆನೋವು ಎನ್ನುತ್ತಿದ್ದ ಮಕ್ಕಳು ಅಂದು ನನಗಿಂತ ಮೊದಲು ಉತ್ತರ ಕೂಗಿದರು: ಮೂರು ಸಾವಿರದ ನಾನೂರ ಮೂವತ್ತೆರಡು! ಕೊನೆಯ ಬೆಂಚಿನವನೊಬ್ಬ ತಾಳೆ ನೋಡಿ, "ಬರೋಬ್ಬರ್ ಇದೆ" ಎಂದ. ಜೀವನಾಧಾರಿತ ಶಿಕ್ಷಣದ ಶಕ್ತಿಯ ಬಗ್ಗೆ ನನಗಿದ್ದ ಸಂಶಯ ಅಂದು ಪೂರ್ತಿ ಹೋಯಿತು.

ಸಂಜೆ ಮನೆಗೆ ಹೋಗಿ ಗೋಡೆಯ ಕಡೆ ನೋಡುತ್ತ, "ಮೂರು ಸಾವಿರದ ನಾನೂರ ಮೂವತ್ತೆರಡು" ಎಂದು ಒಪ್ಪಿಸಿದೆ.

"ತಪ್ಪು," ಎಂದಳು ಮಹಾದೇವಿ. "ಹಬ್ಬದ ದಿನ ಎರಡೆರಡು ಸಲ. ಅದು ಬಿಟ್ಟೀರಿ."

ಹೇಳಿದವಳಿಗೇ ನಗು ತಡೆಯಲಾಗಲಿಲ್ಲ. ಚಹಾ ಬಂತು. ಚಹಾ ಕುಡಿಯುತ್ತ ರೇಣುಕಾಳ ವಿಷಯವನ್ನೆಲ್ಲ ಹೇಳಿದೆ. ಕೇಳಿ ಅವಳ ಕಣ್ಣು ತುಂಬಿತು. ಆಮೇಲೆ ಕಣ್ಣೊರೆಸಿಕೊಂಡು, "ಕನ್ನಡದಾಗ ನೀವು ಬರದ್ರಿ?" ಎಂದು ಕೇಳಿದಳು.

"ಮತ್ತ ಯಾರು?"

"ನನಗ ಒಂದು ಮಾತು ತೋರಸ್ಬೇಕಿಲ್ರಿ?"

"ಎದಕ್ಕ? ಎರಡು ಇಯತ್ತೆ ಕಲ್ತೀನಿ ನಾನು," ಎಂದೆ. ಅವಳು ಕಪ್ಪು ಬಸಿ ಎತ್ತಿಕೊಂಡು ಹೋದಳು.

ಡಿಸೆಂಬರಿನ ಆ ದಿನ ವೈಶಾಲಿ ಮ್ಯಾಡಂ ಸಂಭಾಜಿನಗರದಿಂದ ಬಂದರು. ಕುಸುಮಬಾಯಿಯವರೊಂದಿಗೆ ಹಿಂದಿನ ಬೆಂಚಿನಲ್ಲಿ ಕೂತು ಟಿಪ್ಪಣಿ ಬರೆಯುವ ವಹಿ ತೆರೆದರು. ದೇವರು ಕಣ್ಣು ಬಿಟ್ಟ ಹಾಗೆ ಅದೇ ಬೆಳಿಗ್ಗೆ ರೇಣುಕಾಳ ಆಯಿಯ ಉತ್ತರ ಬಂದಿತ್ತು. ನಾನು ಬೇಕೆಂದೇ ಒಡೆಯದೆ ಇಟ್ಟಿದ್ದೆ. ಮೊದಲು ಕನ್ನಡದಲ್ಲಿ ಓದುವುದು, ಆಮೇಲೆ ಎಲ್ಲರಿಗೂ ಮರಾಠಿಯಲ್ಲಿ ಹೇಳುವುದು, ಎರಡು ಭಾಷೆ ಒಂದೇ ತಾಸಿನಲ್ಲಿ! ಮ್ಯಾಡಂ ವಹಿಯಲ್ಲಿ ಜಾಗ ಸಾಲಲಿಕ್ಕಿಲ್ಲ ಎಂದುಕೊಂಡೆ. ಗಂಟಲು ಸರಿಪಡಿಸಿಕೊಂಡು ಆರಂಭಿಸಿದೆ.

"ನನ್ನ ಕೂಸು ರೇಣುಕಾಗ ಆಯಿಯ ಆಶೀರ್ವಾದ. ನಿನ್ನ ಚಿಠಿ ಮುಟ್ಟಿತು. ಓದಿಸಿ ಕೇಳಿದೆ, ಎರಡು ಸಲ ಕೇಳಿದೆ. ತಮ್ಮಗ ಹೊತ್ಕೊಂಡು ಸಾಲಿ ಬಿಡಬ್ಯಾಡ. ತೊಗರಿ ರಾಶಿ ಮುಗಿದ ಕೂಡ್ಲೆ ನಾ ಬರ್ತೀನಿ, ನಿಮ್ಮಪ್ಪಗ ಸ್ಟೇಷನ್ನಿಗಿ ಬರ್ಲಾಕ ಹೇಳು. ಕೂಸಿನ್ನ ನಾ ನೋಡ್ಕೋತೀನಿ."

ರೇಣುಕಾ ಬೆಂಚಿನ ಮೇಲೆ ನೆಟ್ಟಗಾದಳು. ನಾನು ಅದೇ ಭರದಲ್ಲಿ ಮುಂದಕ್ಕೆ ಓದಿದೆ.

"ಇನ್ನ ಕತ್ತಿ ವಿಷಯ. ನಮ್ಮ ಮನ್ಯಾಗ ಕತ್ತಿ ಎಂದೂ ಇರಲಿಲ್ಲ. ನಿನಗ ಹ್ಯಾಂಗ ನೆನಪಾಗ್ಲತ್ತದೋ ತಿಳೀವಲ್ದು. ಕತ್ತಿ ಇಲ್ಲದ ನಿದ್ದಿ ಬರಂಗಿಲ್ಲ ಅಂತ ಬರಸಿದಿ, ಕೇಳಿ ಕಳ್ಳು ಚುರ್ ಅಂತು. ಇಟ್ಟಂಗಿ ಹೊರ್ಲಾಕ ಬೇಕಾಗಿರಬೇಕಂತ ಓಣ್ಯಾಗಿನ ಸಿದ್ದಪ್ಪಗ ಕೇಳೀನಿ. ಅವನ ಕಡಿ ಎರಡು ಅವ, ಒಂದು ಕೊಡ್ತೀನಿ ಅಂದಾನ. ಖರೆ ರೈಲಿನ್ಯಾಗ ಕತ್ತಿ ಹತ್ತಿಸಿಕೊಳ್ಳಂಗಿಲ್ಲಂತ. ಏನ್ ಮಾಡ್ಲಿ ತಿಳಿಸು."

ನಮ್ಮ ಕಡೆ ಕತ್ತೆಗೆ ಕತ್ತಿ ಎಂದೇ ಅನ್ನುವುದು. ಕತೆ ಎಂದು ಬರೆಯಬೇಕಾದ ಕಡೆಯೆಲ್ಲ ನಾನು ಕೊಟ್ಟ ಆ ಧಾರಾಳದ ಒತ್ತುಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಕತ್ತೆ ನೆನಪಾಗುತ್ತದೆ. ಕತ್ತೆ ಇಲ್ಲದೆ ನಿದ್ದೆ ಬರುವುದಿಲ್ಲ. ಬರುವಾಗ ಒಂದೆರಡು ಹೊಸ ಕತ್ತೆ ತೆಗೆದುಕೊಂಡು ಬಾ. ಆ ಮುದುಕಿ ಮೊಮ್ಮಗಳಿಗಾಗಿ ಊರೆಲ್ಲ ಕತ್ತೆ ಕೇಳಿ ತಿರುಗಿದ್ದಳು.

ಸಾವರಿಸಿಕೊಂಡು ಮರಾಠಿಗೆ ಇಳಿದೆ. ಅಜ್ಜಿ ಬರುತ್ತಾಳೆ, ತಮ್ಮನನ್ನು ನೋಡಿಕೊಳ್ಳುತ್ತಾಳೆ, ರೇಣುಕಾ ದಿನಾ ಶಾಲೆಗೆ ಬರುತ್ತಾಳೆ ಎಂದು ಹೇಳಿ, ಕಾಗದ ಮಡಚಿ, "ಚಪ್ಪಾಳೆ!" ಎಂದೆ. ಮಕ್ಕಳು ತಟ್ಟಿದರು. ರೇಣುಕಾ ಅಂದು ಜೊತೆಗೆ ತಂದಿದ್ದ ತಮ್ಮನನ್ನು ಸೊಂಟಕ್ಕೇರಿಸಿಕೊಂಡು ಎದ್ದು ನಿಂತಳು. ಕನ್ನಡ ಆಡಲು ಬಾರದಿದ್ದರೇನು, ಕೇಳಿದ್ದೆಲ್ಲ ತಿಳಿಯುತ್ತದಲ್ಲ.

"ಸರ್, ಗಾಢವಾಚಂ ರಾಹಿಲಂ," ಎಂದಳು. ಕತ್ತೆಯದು ಉಳಿಯಿತು ಎಂದು.

ಉಳಿದದ್ದನ್ನು ಅವಳೇ ಮರಾಠಿಯಲ್ಲಿ ಹೇಳಿದಳು. ಸಿದ್ದಪ್ಪನನ್ನೂ ಬಿಡಲಿಲ್ಲ, ರೈಲನ್ನೂ ಬಿಡಲಿಲ್ಲ. ತರಗತಿ ಬೆಂಚು ಬಡಿದು ನಕ್ಕಿತು. ಮಗು ಸೊಂಟದ ಮೇಲೆ ಕುಣಿಯಿತು. ಕುಸುಮಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ವೈಶಾಲಿ ಮ್ಯಾಡಂ ಮಾತ್ರ ಗಂಭೀರವಾಗಿ, "ಕಾಗದದ ಕೆಳಗೆ ಇನ್ನೂ ಏನೋ ಬರೆದಂತೆ ಕಾಣುತ್ತದೆ ಸರ್" ಎಂದರು. ಬೆಳಕಿಗೆ ಹಿಡಿದರೆ ಆಚೆಯಿಂದ ಕಾಣುತ್ತಿತ್ತು, ಸುಳ್ಳು ಹೇಳಲು ದಾರಿಯಿರಲಿಲ್ಲ. ಓದಿದೆ. ಕಾಗದ ಬರೆದುಕೊಟ್ಟ ಆ ಊರಿನ ಏಳನೆಯ ತರಗತಿಯ ಹುಡುಗಿ ಅಚ್ಚ ಪುಸ್ತಕದ ಕನ್ನಡದಲ್ಲಿ ತನ್ನದೊಂದು ಮಾತು ಸೇರಿಸಿದ್ದಳು.

"ಇದು ಕತೆ ಇರಬೇಕು ಎಂದು ನಾನು ಅಜ್ಜಿಗೆ ಹೇಳಿದೆ. ಅಜ್ಜಿ ಕೇಳಲಿಲ್ಲ. ಮಾಸ್ತರರು ಬರೆದಿದ್ದಾರೆ, ಮಾಸ್ತರರು ತಪ್ಪು ಬರೆಯುವುದಿಲ್ಲ ಎಂದಳು. ನಮ್ಮ ಶಾಲೆಯಲ್ಲಿ ತಪ್ಪಾದರೆ ಹತ್ತು ಸಲ ಬರೆಸುತ್ತಾರೆ. ನಿಮ್ಮ ಶಾಲೆಯ ಪದ್ಧತಿ ನನಗೆ ಗೊತ್ತಿಲ್ಲ."

ಇದನ್ನೂ, ಕೆಳಗೊಂದು ಒತ್ತಿನ ಬಳ್ಳಿ ಬಿದ್ದರೆ ಕತೆ ಕತ್ತೆಯಾಗುವುದನ್ನೂ ಮರಾಠಿಯಲ್ಲಿ ಹೇಳಬೇಕಾಯಿತು. ನಮ್ಮ ಶಾಲೆಯ ಪದ್ಧತಿ ಮೂವತ್ತೆಂಟು ಮಕ್ಕಳಿಗೂ ಗೊತ್ತಿತ್ತು. ಈಶ್ವರಿ ಎದ್ದು ಬಂದು ಸೀಮೆಸುಣ್ಣ ನನ್ನ ಕೈಗಿತ್ತಳು. ಹಲಗೆಯ ಮೇಲೆ ಬರೆಯತೊಡಗಿದೆ. ಕತೆ. ಕತೆ. ಕತೆ. ಮಕ್ಕಳು ಎಣಿಸುತ್ತಿದ್ದರು. ಆರನೆಯದಕ್ಕೆ ಬಂದಾಗ ಕೈ ಹಳೆಯ ರೂಢಿಯಿಂದ ಕೆಳಗೊಂದು ಬಳ್ಳಿ ಎಳೆದುಬಿಟ್ಟಿತು. ಕನ್ನಡದ ಒಂದಕ್ಷರ ಕಲಿಯದ ಆ ಮಕ್ಕಳು ಒಂದೇ ಉಸಿರಿಗೆ ಕೂಗಿದರು: "ಸರ್, ಗಾಢವ!" ವೈಶಾಲಿ ಮ್ಯಾಡಂ ತಲೆ ತಗ್ಗಿಸಿ ಬಹಳ ಹೊತ್ತು ಏನನ್ನೋ ಬರೆದುಕೊಂಡರು. ಆಮೇಲೆ ಬಂದ ವರದಿಯಲ್ಲಿ, ಈ ಯೋಜನೆಯನ್ನು ಎರಡೂ ಶಾಲೆಗಳಲ್ಲಿ ಮುಂದುವರಿಸಬೇಕು, ನಾಲ್ಕನೇ ಇಯತ್ತೆಯಲ್ಲಿ ಕಲಿಕೆ ನಡೆಯುತ್ತಿರುವುದು ಸ್ಪಷ್ಟವಾಗಿ ಕಂಡಿತು ಎಂದಿತ್ತು. ಯಾರ ಕಲಿಕೆ ಎಂದು ಬರೆದಿರಲಿಲ್ಲ. ದೊಡ್ಡ ಮನಸ್ಸಿನ ಹೆಣ್ಣುಮಗಳು.

ಸಂಕ್ರಾಂತಿ ಕಳೆದ ವಾರ ಆಯಿ ಬಂದಳು. ಕತ್ತೆ ತರಲಿಲ್ಲ, ಒಂದು ಗಂಟು ಶೇಂಗಾ ಹೋಳಿಗೆ ತಂದಳು. ರೇಣುಕಾ ಆಮೇಲೆ ಒಂದು ದಿನವೂ ಶಾಲೆ ತಪ್ಪಿಸಿಲ್ಲ. ಒಂದು ಮಧ್ಯಾಹ್ನ ಮುದುಕಿ ಮೊಮ್ಮಗನನ್ನು ಎತ್ತಿಕೊಂಡು, ಸರ್‌ಗೆ ನೋಡಬೇಕು ಎಂದು ತರಗತಿಯ ಬಾಗಿಲಿಗೇ ಬಂದು ನಿಂತಳು. ನಾನು ರೇಣುಕಾಳೊಂದಿಗೆ ಹೊರಗೆ ಹೋಗಿ ಕೈಮುಗಿದೆ. ಕ್ಷಮೆ ಕೇಳಲು ನಾಲ್ಕು ಶುದ್ಧ ವಾಕ್ಯಗಳನ್ನು ಮಹಾದೇವಿಯಿಂದ ತಿದ್ದಿಸಿಕೊಂಡು ಬಾಯಿಪಾಠ ಮಾಡಿಟ್ಟುಕೊಂಡಿದ್ದೆ, ಒಂದೂ ನೆನಪಿಗೆ ಬರಲಿಲ್ಲ. ಆಯಿ ನನ್ನ ಇಸ್ತ್ರಿ ಅಂಗಿ, ಕನ್ನಡಕ, ಕಿಸೆಯಲ್ಲಿದ್ದ ಎರಡು ಪೆನ್ನುಗಳನ್ನು ನಿಧಾನವಾಗಿ ನೋಡಿದಳು. ಆಮೇಲೆ ಮೊಮ್ಮಗಳ ಕಡೆ ತಿರುಗಿ, ನನಗೆ ಕೇಳಿಸಬಾರದೆಂದು ದನಿ ತಗ್ಗಿಸಿ ಹೇಳಿದಳು:

"ಇವ್ರೇನ? ನೋಡ್ಲಾಕ ಶಾಣ್ಯಾರೇ ಕಾಣ್ತಾರಲ್ಲವಾ!"